‘ನಾಟ್’ ನುಂಗಿದ ಪುಸ್ತಕ: ಸಲ್ಲೇಖನದ ಜಾಡು ಹಿಡಿದ ಒಂದು ಪ್ರಕರಣ ಅಧ್ಯಯನ

ಸಂಶೋಧನಾ ಪ್ರಸ್ತಾವನೆ ಸಲ್ಲಿಸಲು ಮೂರು ವಾರ ಉಳಿದಿದ್ದಾಗ ಆಕೆ ನನ್ನ ಮೇಜಿನ ಮುಂದೆ ಬಂದು ಕುಳಿತಳು. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಹಳಗನ್ನಡ ಓದಬಲ್ಲವಳು. ಆಕೆಯ ಊರಿನಿಂದ ಶ್ರವಣಬೆಳಗೊಳಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆರಿಸಿಕೊಂಡ ವಿಷಯವೂ ಅಲ್ಲಿಯದೇ: ಚಿಕ್ಕಬೆಟ್ಟದ ನಿಸಿಧಿ (ಮರಣಸ್ಮಾರಕ) ಶಾಸನಗಳಲ್ಲಿ ಕಾಣುವ ಸಲ್ಲೇಖನ, ಎಂದರೆ ಜೈನರು ವ್ರತ ಹಿಡಿದು ಉಪವಾಸವಿದ್ದು ದೇಹ ಬಿಡುವ ಆಚರಣೆ, ಮತ್ತು ಅದೇ ಆಚರಣೆಯ ಕುರಿತು ಇಂದು ನ್ಯಾಯಾಲಯಗಳಲ್ಲಿ, ವೈದ್ಯಕೀಯ ನೀತಿಶಾಸ್ತ್ರದಲ್ಲಿ ನಡೆಯುತ್ತಿರುವ ವಾದ. ಎರಡು ದಿನ ಕಂಪ್ಯೂಟರಿನ ಮುಂದೆ ಕುಳಿತಿದ್ದಳಂತೆ. ಬಂದವಳು ಕೇಳಿದ್ದು ಒಂದೇ ಪ್ರಶ್ನೆ: “ಸರ್, ಇದರ ಮೇಲೆ ಯಾರೂ ಏನೂ ಬರೆದಿಲ್ಲ. ನನ್ನದೇ ಮೊದಲ ಅಧ್ಯಯನ ಎಂದು ಬರೆದುಬಿಡಲೇ?”

ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಈ ಮಾತು ಹೊಸದೇನಲ್ಲ. “ಯಾರೂ ಬರೆದಿಲ್ಲ” ಎಂದರೆ ಹತ್ತರಲ್ಲಿ ಒಂಬತ್ತು ಸಲ “ನಾನು ಟೈಪಿಸಿದ ಪದ ಸಿಗಲಿಲ್ಲ” ಎಂದೇ ಅರ್ಥ. ಏನು ಟೈಪಿಸಿದ್ದೆ ಎಂದು ಕೇಳಿದೆ. ಆಕೆಗೆ ನೆನಪಿರಲಿಲ್ಲ. ಬ್ರೌಸರಿನ ಚರಿತ್ರೆಯನ್ನು ತೆರೆದು ನೋಡಿದೆವು.

ಮೊದಲ ದಿನ ‘ಸಲ್ಲೇಖನ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದ್ದಾಳೆ. ಬಂದ ಫಲಿತಾಂಶಗಳಲ್ಲಿ ಮನೋವೈದ್ಯಕೀಯದ ಲೇಖನಗಳೇ ತುಂಬಿದ್ದವು. ಆತ್ಮಹತ್ಯೆ ತಡೆಗಟ್ಟುವಿಕೆ, ಖಿನ್ನತೆ, ಕಾಯ್ದೆ. ಇವು ತನಗೆ ಬೇಡವೆಂದು ಎರಡನೆಯ ದಿನ ಹುಡುಕಾಟದ ಗೆರೆ ಬದಲಿಸಿದ್ದಾಳೆ: ಸಲ್ಲೇಖನ, ಆಮೇಲೆ ದೊಡ್ಡಕ್ಷರದಲ್ಲಿ ‘ನಾಟ್’, ಆಮೇಲೆ ‘ಸೂಯಿಸೈಡ್’. ಅಂದರೆ, ಸಲ್ಲೇಖನ ಇರಲಿ, ಆತ್ಮಹತ್ಯೆ ಎಂಬ ಪದವಿರುವುದೆಲ್ಲ ಬಿಟ್ಟುಹೋಗಲಿ. ತರ್ಕ ಸರಿಯಾಗಿಯೇ ಇದೆ. ಫಲಿತಾಂಶದ ಪಟ್ಟಿ ಒಮ್ಮೆಲೇ ಬೋಳಾಯಿತು.

ಬೋಳಾಗದೆ ಇನ್ನೇನಾದೀತು? ಸಲ್ಲೇಖನವನ್ನು ಖಂಡಿಸುವವರು ‘ಇದು ಆತ್ಮಹತ್ಯೆ’ ಎನ್ನುತ್ತಾರೆ. ಸಮರ್ಥಿಸುವವರು ‘ಇದು ಆತ್ಮಹತ್ಯೆಯಲ್ಲ’ ಎನ್ನುತ್ತಾರೆ. ಇಬ್ಬರ ಬಾಯಲ್ಲೂ ಆ ಪದವಿದೆ. ಅಲ್ಲ ಎಂದು ಹೇಳಬೇಕಾದರೂ ಅದನ್ನು ಒಮ್ಮೆ ಉಚ್ಚರಿಸಲೇಬೇಕು. ಆಕೆ ಹಾಕಿದ ಜರಡಿಯಲ್ಲಿ ಕಸದ ಜೊತೆ ಕಾಳೂ ಹೋಯಿತು. ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ, ಏಕೆಂದರೆ ಹೋದ ಕಾಳುಗಳಲ್ಲಿ ಟಿ.ಕೆ. ತುಕೋಳರ ಪುಸ್ತಕವೂ ಒಂದು. ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ತುಕೋಳರ ಆ ಪುಸ್ತಕ ಅಹಮದಾಬಾದಿನ ಎಲ್.ಡಿ. ಇನ್‌ಸ್ಟಿಟ್ಯೂಟ್ ಆಫ್ ಇಂಡಾಲಜಿಯಿಂದ 1976ರಲ್ಲಿ ಹೊರಬಂತು. ಅದರ ಹೆಸರೇ ‘ಸಲ್ಲೇಖನ ಈಸ್ ನಾಟ್ ಸೂಯಿಸೈಡ್’.

ಪುಸ್ತಕದ ಹೆಸರು ಹೇಳಿದೆ. ಆಕೆ ಅದನ್ನು ಹಾಗೆಯೇ, ಉದ್ಧರಣ ಚಿಹ್ನೆಯಿಲ್ಲದೆ, ಹುಡುಕಾಟದ ಪೆಟ್ಟಿಗೆಗೆ ಹಾಕಿದಳು. ಸಿಗಲಿಲ್ಲ! ಆ ದತ್ತಸಂಚಯದ (ಡೇಟಾಬೇಸಿನ) ಯಂತ್ರಕ್ಕೆ ಸಣ್ಣಕ್ಷರದ ‘ನಾಟ್’ ಕೂಡ ಆಜ್ಞೆಯೇ. ಶೀರ್ಷಿಕೆಯ ನಡುವಿನ ಪದವನ್ನು ಅದು ಆದೇಶವೆಂದು ಓದಿ, ‘ಸೂಯಿಸೈಡ್’ ಇರುವ ದಾಖಲೆಗಳನ್ನೆಲ್ಲ ತೆಗೆದುಹಾಕಿತು. ಹಾಗೆ ತೆಗೆದುಹಾಕಿದ್ದರಲ್ಲಿ ಆ ಪುಸ್ತಕವೂ ಸೇರಿತ್ತು. ಪುಸ್ತಕ ತನ್ನ ಹೆಸರಿನಿಂದಲೇ ಮಾಯವಾದದ್ದನ್ನು ಕಂಡು ಇಬ್ಬರೂ ನಕ್ಕೆವು. ಹೆಸರಿನ ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಿದ ಕೂಡಲೇ ಅದು ಬಂದು ಕುಳಿತಿತು. ವಿದ್ವತ್ಪತ್ರಿಕೆಗಳ ಭಂಡಾರವಾದ ಜೆಸ್ಟೋರ್ ಮತ್ತು ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ಗಳಲ್ಲಿ ಈ ಆಜ್ಞೆಗಳು ದೊಡ್ಡಕ್ಷರದಲ್ಲಿದ್ದರೆ ಮಾತ್ರ ನಡೆಯುತ್ತವೆ. ಗೂಗಲ್ ಸ್ಕಾಲರಿನಲ್ಲಿ ‘ನಾಟ್’ ಬದಲು ಪದದ ಮೊದಲಕ್ಷರಕ್ಕೆ ಮುಂಚೆ ಕಳೆಯುವ ಚಿಹ್ನೆ ಹಾಕಬೇಕು. ಪ್ರತಿ ದತ್ತಸಂಚಯದ ಸಹಾಯ ಪುಟವನ್ನು ಹತ್ತು ನಿಮಿಷ ಓದುವುದಕ್ಕೆ ನಮ್ಮವರಿಗೆ ಏಕಿಷ್ಟು ಸಂಕೋಚವೋ ನನಗೆ ಇನ್ನೂ ಅರ್ಥವಾಗಿಲ್ಲ.

ಯಾರ ಬಾಯಲ್ಲಿ ಯಾವ ಪದ

ಕಂಪ್ಯೂಟರನ್ನು ಬಂದ್ ಮಾಡಿ ಒಂದು ಬಿಳಿ ಹಾಳೆ ತೆಗೆದುಕೊಂಡೆವು. ಅಂದಿನ ಉಳಿದ ಸಮಯವೆಲ್ಲ ಅದಕ್ಕೇ ಹೋಯಿತು. ಧರ್ಮಾಧ್ಯಯನದಲ್ಲಿ ಒಂದು ಆಚರಣೆಗೆ ಒಂದೇ ಹೆಸರು ಇರುವುದು ಅಪರೂಪ. ಮಾಡುವವರು ಒಂದು ಹೆಸರು ಹೇಳುತ್ತಾರೆ, ನೋಡುವವರು ಇನ್ನೊಂದು, ವಿಚಾರಣೆ ನಡೆಸುವವರು ಮತ್ತೊಂದು. ದತ್ತಸಂಚಯಕ್ಕೆ ಇವೆಲ್ಲ ಒಂದೇ ವಸ್ತು ಎಂಬುದು ಗೊತ್ತಿಲ್ಲ. ಗೊತ್ತು ಮಾಡಬೇಕಾದವರು ನಾವು.

ಮೊದಲು ಜೈನರೊಳಗಿನ ಭೇದ. ದಿಗಂಬರರಲ್ಲಿ, ಆದ್ದರಿಂದ ಕರ್ನಾಟಕದಲ್ಲಿ, ಸಲ್ಲೇಖನ ಎಂಬುದೇ ರೂಢಿ. ಶ್ವೇತಾಂಬರರಲ್ಲಿ, ಅಂದರೆ ಹೆಚ್ಚಾಗಿ ರಾಜಸ್ಥಾನ, ಗುಜರಾತುಗಳ ಕಡೆ, ಸಂಥಾರಾ. ಇದೊಂದು ಭೇದ ಗೊತ್ತಿಲ್ಲದಿದ್ದರೆ ಆಕೆಯ ಪ್ರಬಂಧದ ಅರ್ಧ ಭಾಗವೇ ಕೈತಪ್ಪುತ್ತಿತ್ತು. ಈ ಆಚರಣೆಯನ್ನು ಪ್ರಶ್ನಿಸಿ 2006ರಲ್ಲಿ ದಾಖಲಾದ ಅರ್ಜಿಯ ಮೇಲೆ ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ತೀರ್ಪು ಕೊಟ್ಟಾಗ, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿದಾಗ, ಪತ್ರಿಕೆಗಳೂ ಕಾನೂನಿನ ನಿಯತಕಾಲಿಕಗಳೂ ಮುಖ್ಯವಾಗಿ ಬಳಸಿದ್ದು ಸಂಥಾರಾ ಎಂಬ ಪದವನ್ನೇ. ದಕ್ಷಿಣದ ಪದ ಹಿಡಿದು ಹೊರಟವರಿಗೆ ಶಾಸನಗಳ ಕಾಲ ಸಿಗುತ್ತದೆ, ಉತ್ತರದ ಪದ ಹಿಡಿದವರಿಗೆ ಕಾನೂನಿನ ಕಾಲ ಸಿಗುತ್ತದೆ. ಆಕೆಗೆ ಎರಡೂ ಬೇಕಿತ್ತು.

ಆಮೇಲೆ ಶಾಸ್ತ್ರಗ್ರಂಥಗಳು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದ ಲಕ್ಷಣಶ್ಲೋಕ ಆಕೆಗೆ ಬಾಯಿಪಾಠ: “ಉಪಸರ್ಗೇ ದುರ್ಭಿಕ್ಷೇ ಜರಸಿ ರುಜಾಯಾಂ ಚ ನಿಃಪ್ರತೀಕಾರೇ”. ಪ್ರತೀಕಾರ, ಎಂದರೆ ಪರಿಹಾರ, ಇಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗ ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು. ಈ ಶ್ಲೋಕವನ್ನು ಬರೆದುಕೊಳ್ಳುವಾಗ ನಮಗೆ ಒಂದು ವಿಷಯ ಹೊಳೆಯಿತು. ‘ನಿಃಪ್ರತೀಕಾರ ರುಜೆ’ ಎಂಬುದು ಇಂದಿನ ವೈದ್ಯರ ಭಾಷೆಯಲ್ಲಿ ಗುಣವಾಗದ ಅಂತಿಮ ಹಂತದ ಕಾಯಿಲೆ. ಅಂದರೆ ಉಪಶಾಮಕ ಆರೈಕೆಯ ಸಾಹಿತ್ಯದ ಬಾಗಿಲನ್ನು ಈ ಶ್ಲೋಕವೇ ತೋರಿಸಿಕೊಡುತ್ತಿದೆ. ಆ ಬಾಗಿಲಿನ ಒಳಗೆ ಸಲ್ಲೇಖನ ಎಂಬ ಪದ ಇರಲೇಬೇಕೆಂದಿಲ್ಲ. ಅಲ್ಲಿನ ಪಾರಿಭಾಷಿಕ ‘ವಿಎಸ್‌ಇಡಿ’, ಎಂದರೆ ಸ್ವಂತ ಇಚ್ಛೆಯಿಂದ ಅನ್ನ ನೀರು ನಿಲ್ಲಿಸುವುದು.

ಶಾಸ್ತ್ರದಲ್ಲೇ ಇನ್ನೂ ಪದಗಳಿವೆ. ಸಮಾಧಿಮರಣ, ಪಂಡಿತಮರಣ, ಭಕ್ತಪ್ರತ್ಯಾಖ್ಯಾನ, ಇಂಗಿನೀಮರಣ, ಪ್ರಾಯೋಪಗಮನ. ಕೊನೆಯದು ವಡ್ಡಾರಾಧನೆ ಓದಿದವರಿಗೆ ಚಿರಪರಿಚಿತ. ಅಲ್ಲಿಯ ಕಥೆಗಳ ಕೊನೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಆದರೆ ಇದರ ಪಕ್ಕದ ಮನೆಯಲ್ಲೇ ‘ಪ್ರಾಯೋಪವೇಶ’ವಿದೆ. ಅದು ವೈದಿಕ ಪರಂಪರೆಯ ಪದ. ಎರಡೂ ಬೆರೆತರೆ ಪಟ್ಟಿಯಲ್ಲಿ ಮಹಾಭಾರತ, ಪುರಾಣಗಳ ಚರ್ಚೆ ನುಗ್ಗುತ್ತದೆ. ಹಾಗೆ ನುಗ್ಗಿದ್ದರಲ್ಲೂ ಹೋಲಿಕೆಗೆ ಬೇಕಾದ ಲೇಖನವಿರಬಹುದು ಎಂದು ಆಕೆ ವಾದಿಸಿದಳು. ಸರಿ, ಅದನ್ನು ಹಾಳೆಯ ಅಂಚಿನಲ್ಲಿ ಬರೆದು ಪ್ರಶ್ನಾರ್ಥಕ ಹಾಕಿದೆವು.

ಶಾಸನಗಳ ಭಾಷೆಯೇ ಬೇರೆ. ಏಳನೆಯ ಶತಮಾನದ ಕಳ್ಬಪ್ಪಿನ ಬರಹಗಳಲ್ಲಿ ಬರುವುದು “ನೋನ್ತು ಮುಡಿಪ್ಪಿದಾರ್”, ವ್ರತ ಹಿಡಿದು ಮುಗಿಸಿದರು ಎಂಬ ಎರಡೇ ಮಾತಿನ ವಿವರ. ಮುಂದೆ ಸನ್ಯಸನ, ಆರಾಧನೆ, ಸಮಾಧಿ. ಕಲ್ಲಿಗೆ ನಿಸಿಧಿ, ನಿಷಿಧಿ, ನಿಸಿದಿಗೆ. ಬೆಟ್ಟಕ್ಕೆ ಸಂಸ್ಕೃತದಲ್ಲಿ ಕಟವಪ್ರ, ಕನ್ನಡದಲ್ಲಿ ಕಳ್ಬಪ್ಪು, ಈಗ ಚಂದ್ರಗಿರಿ, ಊರಿನವರ ಬಾಯಲ್ಲಿ ಚಿಕ್ಕಬೆಟ್ಟ. ಇವನ್ನೆಲ್ಲ ಬರೆಯುತ್ತಿದ್ದಾಗ ಆಕೆ ಸುಮ್ಮನಿರಲಾರದೆ ನಂದಿಸೇನ ಮುನಿಯ ನಿಸಿಧಿಯ ಪದ್ಯವನ್ನು ಹೇಳಿದಳು: “ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೋಲ್ ಮಂಜುವೋಲ್ ತೋರಿ ಬೇಗಂ…” ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಕಂಡು ಕರಗುವ ಸಿರಿ. ಹುಡುಕಾಟಕ್ಕೆ ಇದರಿಂದ ಏನೂ ಉಪಯೋಗವಿಲ್ಲ. ಆದರೂ ಆ ಕ್ಷಣ ಯಾರಿಗೂ ಆ ಪರದೆಯ ಕಡೆ ತಿರುಗುವ ಮನಸ್ಸಿರಲಿಲ್ಲ.

ಕೊನೆಯದಾಗಿ ಹೊರಗಿನವರ ಪದಗಳು. ಹತ್ತೊಂಬತ್ತನೆಯ ಶತಮಾನದ ಶಾಸನತಜ್ಞರು ನಿಸಿಧಿ ಲೇಖವನ್ನು ‘ಎಪಿಟಾಫ್’, ಸಮಾಧಿಲೇಖ, ಎಂದರು. ಶಾಸನಗಳ ನಿಯತಕಾಲಿಕವಾದ ಎಪಿಗ್ರಾಫಿಯಾ ಇಂಡಿಕಾದಲ್ಲಿ ಹುಲ್ಟ್ಸ್ ಪ್ರಕಟಿಸಿದ ಜೈನ ಮುನಿ ಮಲ್ಲಿಷೇಣನ ಶಾಸನದ ಶೀರ್ಷಿಕೆಯಲ್ಲಿರುವುದು ಆ ಪದವೇ. ನಿಸಿಧಿ ಅಲ್ಲಿಲ್ಲ, ಸಲ್ಲೇಖನ ಅಲ್ಲಿಲ್ಲ. ಆಧುನಿಕ ವಿದ್ವಾಂಸರಲ್ಲಿ ಕೆಲವರು ‘ರಿಚುವಲ್ ಡೆತ್’ ಎನ್ನುತ್ತಾರೆ, ಕೆಲವರು ‘ಫಾಸ್ಟಿಂಗ್ ಟು ಡೆತ್’ ಎನ್ನುತ್ತಾರೆ. ಹಳೆಯ ಬರಹಗಳಲ್ಲಿ ‘ಸ್ಟಾರ್ವೇಶನ್’ ಕೂಡ ಸಿಗುತ್ತದೆ. ಪ್ರತಿ ಪದವೂ ಒಂದು ನಿಲುವು. ಗ್ರಂಥಾಲಯದ ವಿಷಯಶೀರ್ಷಿಕೆಗಳೂ ನಿಲುವೇ: ‘ಆತ್ಮಹತ್ಯೆ: ಧಾರ್ಮಿಕ ಅಂಶಗಳು’ ಎಂಬ ಗೂಡಿನಲ್ಲಿ ಹುಡುಕದೆ ಈ ವಿಷಯ ಪೂರ್ಣವಾಗುವುದಿಲ್ಲ. ಆಕೆಗೆ ಇದು ಸಿಟ್ಟು ತರಿಸಿತು. ಸಿಟ್ಟು ನ್ಯಾಯವಾದದ್ದು, ಪ್ರಬಂಧದಲ್ಲಿ ಒಂದು ಅಧ್ಯಾಯವಾಗುವಷ್ಟು ನ್ಯಾಯವಾದದ್ದು. ಆದರೆ ಹುಡುಕುವ ಹೊತ್ತಿನಲ್ಲಿ ವಿರೋಧಿಯ ಪದಕೋಶವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಅಕ್ಷರಗಳ ಕಾಟ

ಮರುದಿನ ಹಾಳೆಯಲ್ಲಿದ್ದ ಪದಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವ ಕೆಲಸ. ಸಲ್ಲೇಖನಕ್ಕೆ ಎರಡು ‘ಎಲ್’ ಹಾಕುವವರಿದ್ದಾರೆ, ಒಂದೇ ಹಾಕುವವರಿದ್ದಾರೆ, ಮೊದಲ ‘ಎಲ್’ ಜಾಗದಲ್ಲಿ ‘ಎಂ’ ಹಾಕಿ ಸಂಲೇಖನ ಮಾಡುವವರೂ ಇದ್ದಾರೆ. ಕೊನೆಯಲ್ಲಿ ಒಂದು ‘ಎ’, ಎರಡು ‘ಎ’, ಇಲ್ಲವೇ ತಲೆಯ ಮೇಲೆ ಗೆರೆ ಎಳೆದ ‘ಎ’. ನಿಸಿಧಿಯಲ್ಲಿ ‘ಎಸ್’ ಒಂದೇ, ‘ಎಸ್ ಎಚ್’ ಎರಡೂ, ‘ಎಸ್’ ಕೆಳಗೆ ಚುಕ್ಕೆ. ಊರಿನ ಹೆಸರನ್ನಂತೂ ಹಳೆಯ ಪತ್ರಿಕೆಗಳು ಎರಡು ಪದವಾಗಿ ಒಡೆದು, ‘ಬೆಲ್ಗೋಲ’ ಎಂದು ಬರೆದಿವೆ.

ಗೆರೆ, ಚುಕ್ಕೆಗಳ ತೊಂದರೆ ಇನ್ನೂ ಆಳದ್ದು. ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿದಾಗ, ತಲೆಗೆರೆಯ ‘ಎ’ ಅಕ್ಷರವನ್ನು ಯಂತ್ರ ಎಷ್ಟೋ ಸಲ ‘ಡಿ’ ಎಂದು ಓದುತ್ತದೆ. ಪುಟದಲ್ಲಿ ಕಣ್ಣಿಗೆ ಸಲ್ಲೇಖನಾ ಎಂದೇ ಕಾಣುತ್ತದೆ. ಒಳಗಿನ ಪಠ್ಯದಲ್ಲಿ ಮಾತ್ರ ಅರ್ಥವಿಲ್ಲದ ಅಕ್ಷರಗಳ ಸಾಲು. ಇದಕ್ಕೆ ಪದದ ಬಾಲವನ್ನು ಕತ್ತರಿಸಿ ನಕ್ಷತ್ರ ಚಿಹ್ನೆ ಹಾಕುವುದು ಒಂದು ಉಪಾಯ. ‘ಸಲ್ಲೇಖನ್’ವರೆಗೆ ಬರೆದು ನಕ್ಷತ್ರ ಹಾಕಿದರೆ ಕೊನೆಯ ಸ್ವರ ಏನೇ ಆಗಿದ್ದರೂ ಸಿಕ್ಕಿಬೀಳುತ್ತದೆ.

ಈ ಉಪಾಯ ಸಂಥಾರಾಕ್ಕೆ ಬಂದಾಗ ನಮಗೇ ತಿರುಗಿಬಿತ್ತು. ‘ಎಚ್’ ಬಿಟ್ಟು ಬರೆಯುವವರಿರುತ್ತಾರೆಂದು ‘ಸಂತಾರ್’ ಎಂದು ಹಾಕಿ ನಕ್ಷತ್ರವಿಟ್ಟೆವು. ಬಂದದ್ದು ಹೊಂಬುಜದ ಸಾಂತರ ಅರಸರು! ಬೇರೆ ಯಾವುದೋ ದೇಶದ ವಿಷಯವಾಗಿದ್ದರೆ ‘ಜೈನ’ ಎಂಬ ಇನ್ನೊಂದು ಪದ ಸೇರಿಸಿ ತೊಲಗಿಸಬಹುದಿತ್ತು. ಸಾಂತರರು ಜೈನರೇ, ಕರ್ನಾಟಕದವರೇ. ಬಸದಿ ಕಟ್ಟಿಸಿದವರೇ. ಯಾವ ಜರಡಿಗೂ ಜಗ್ಗಲಿಲ್ಲ. ಕೊನೆಗೆ ‘ಎಚ್’ ಇಲ್ಲದ ರೂಪವನ್ನೇ ಕೈಬಿಟ್ಟೆವು. ಒಂದೆರಡು ಲೇಖನ ತಪ್ಪಿದ್ದರೆ ತಪ್ಪಲಿ.

‘ಜೈನ’ ಪದವೂ ಸಾಧುವಲ್ಲ. ಅದು ಅಡ್ಡಹೆಸರು ಕೂಡ. ಎಲ್ಲ ಕ್ಷೇತ್ರಗಳಲ್ಲೂ ಹುಡುಕು ಎಂದರೆ ಜೈನ್ ಎಂಬ ಹೆಸರಿನ ಲೇಖಕರು ಬರೆದ ಭೌತಶಾಸ್ತ್ರ, ಹೃದ್ರೋಗ, ಬ್ಯಾಂಕಿಂಗ್ ಎಲ್ಲವೂ ಸಾಲುಗಟ್ಟುತ್ತವೆ. ಶೀರ್ಷಿಕೆ, ಸಾರಾಂಶ, ವಿಷಯಶೀರ್ಷಿಕೆ ಈ ಮೂರಕ್ಕೆ ಮಾತ್ರ ಕಟ್ಟಿಹಾಕಿದ ಮೇಲೆ ಪಟ್ಟಿ ಉಸಿರಾಡಿತು. ಸಮಾಧಿ ಎಂಬ ಪದವನ್ನು ಒಂಟಿಯಾಗಿ ಬಿಟ್ಟರೆ ಯೋಗಸೂತ್ರ ಮೈಮೇಲೆ ಬೀಳುತ್ತದೆ. ಅದನ್ನು ಮರಣ ಎಂಬ ಪದದ ಐದು ಮಾತಿನ ಅಂತರದಲ್ಲಿರುವಂತೆ ಕಟ್ಟಿದೆವು. ಅನೇಕ ದತ್ತಸಂಚಯಗಳಲ್ಲಿ ಈ ಸಾಮೀಪ್ಯದ ಸೌಲಭ್ಯವಿದೆ, ಬರೆಯುವ ರೀತಿ ಮಾತ್ರ ಒಂದೊಂದರಲ್ಲಿ ಒಂದೊಂದು.

ಪದವೇ ಇಲ್ಲದ ಪುಸ್ತಕ

ಇಷ್ಟೆಲ್ಲ ಮಾಡಿದ ಮೇಲೂ ಪಟ್ಟಿಯಲ್ಲಿ ಒಂದು ಹೆಸರು ಇರಲಿಲ್ಲ. ಅದು ಬರುತ್ತದೋ ಇಲ್ಲವೋ ನೋಡೋಣವೆಂದು ನಾನು ಬೇಕೆಂದೇ ಬಾಯಿ ಬಿಟ್ಟಿರಲಿಲ್ಲ. ಶ್ರವಣಬೆಳಗೊಳದ ಮರಣ ಸಂಪ್ರದಾಯದ ಬಗ್ಗೆ ಷ. ಶೆಟ್ಟರ್ ಅವರನ್ನು ದಾಟಿ ಯಾರೂ ಮುಂದೆ ಹೋಗಲಾರರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 1986ರಲ್ಲಿ ಹೊರಬಂದ ಅವರ ಗ್ರಂಥದ ಹೆಸರು ‘ಇನ್‌ವೈಟಿಂಗ್ ಡೆತ್: ಹಿಸ್ಟಾರಿಕಲ್ ಎಕ್ಸ್‌ಪೆರಿಮೆಂಟ್ಸ್ ಆನ್ ಸೆಪಲ್ಕ್ರಲ್ ಹಿಲ್’. ಹೆಸರನ್ನು ಇನ್ನೊಮ್ಮೆ ಓದಿ. ಸಲ್ಲೇಖನವಿಲ್ಲ, ಜೈನವಿಲ್ಲ, ಶ್ರವಣಬೆಳಗೊಳವಿಲ್ಲ, ಕರ್ನಾಟಕವೂ ಇಲ್ಲ. ಇರುವುದು ಒಂದು ಬೆಟ್ಟ, ಅದಕ್ಕೂ ಹೆಸರಿಲ್ಲ. 1989ರಲ್ಲಿ ಲೈಡನ್ನಿನ ಬ್ರಿಲ್ ಪ್ರಕಟಿಸಿದ ಆವೃತ್ತಿಯಲ್ಲಿ ಉಪಶೀರ್ಷಿಕೆ ಬದಲಾಯಿತು. ಅಲ್ಲಿ ‘ಇಂಡಿಯನ್’ ಬಂತು, ‘ರಿಚುವಲ್ ಡೆತ್’ ಬಂತು, ಸಲ್ಲೇಖನ ಬರಲಿಲ್ಲ. 1990ರ ಎರಡನೆಯ ಗ್ರಂಥ ‘ಪರ್ಸ್ಯೂಯಿಂಗ್ ಡೆತ್’ ಕೂಡ ಹಾಗೆಯೇ. ಕನ್ನಡದಲ್ಲಿ ‘ಸಾವಿಗೆ ಆಹ್ವಾನ’ ಎಂದಾದಾಗಲೂ ಪದ ಒಳಗೇ ಉಳಿಯಿತು. ಶೀರ್ಷಿಕೆಗೆ ಕಟ್ಟಿಹಾಕಿದ ನಮ್ಮ ಚಂದದ ಗೆರೆಗೆ ಇವುಗಳಲ್ಲಿ ಒಂದೂ ಸಿಗುವಂತಿರಲಿಲ್ಲ.

ಹೇಗೆ ಸಿಕ್ಕಿತು? ಆಕೆ ಆ ಹೊತ್ತಿಗೆ ಓದುತ್ತಿದ್ದ ಒಂದು ಲೇಖನದ ಅಡಿಟಿಪ್ಪಣಿಯಲ್ಲಿ. ಮೂರನೆಯ ಲೇಖನದಲ್ಲೂ ಅದೇ ಹೆಸರು, ನಾಲ್ಕನೆಯದರಲ್ಲೂ ಅದೇ. “ಇವರನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ನನ್ನ ಪಟ್ಟಿಯಲ್ಲಿ ಮಾತ್ರ ಇಲ್ಲ” ಎಂದು ಓಡಿಬಂದಳು. ಆಗ ಗೂಗಲ್ ಸ್ಕಾಲರಿನಲ್ಲಿ ಆ ಗ್ರಂಥವನ್ನು ತೆರೆದು, ಅದನ್ನು ಉಲ್ಲೇಖಿಸಿದವರ ಪಟ್ಟಿಗೆ ಹೋದೆವು. ಹಿಂದಕ್ಕೆ ಅಡಿಟಿಪ್ಪಣಿ, ಮುಂದಕ್ಕೆ ಉಲ್ಲೇಖ. ಎರಡೂ ದಿಕ್ಕಿಗೆ ನಡೆದಾಗ ಯಾವ ಪದವೂ ಹಿಡಿಯದಿದ್ದ ಬರಹಗಳು ಬಂದವು. ಕಾರಣ ಸರಳ: ಲೇಖಕರು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುತ್ತಾರೆ, ವಿಷಯಸೂಚಿಯಿಂದ ಕರೆಯುವುದಿಲ್ಲ.

ಯಾವ ಬಾವಿಯಲ್ಲಿ ಯಾವ ನೀರು

ದತ್ತಸಂಚಯಗಳ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಧರ್ಮಾಧ್ಯಯನ ಎಂದ ಕೂಡಲೇ ಎಲ್ಲರೂ ತೋರಿಸುವುದು ಅಟ್ಲಾ. ಅಮೆರಿಕದ ದೈವಶಾಸ್ತ್ರ ಗ್ರಂಥಾಲಯಗಳ ಸಂಘ 1949ರಿಂದ ಕಟ್ಟಿಕೊಂಡು ಬಂದ ಸೂಚಿ ಅದು. ಹುಟ್ಟಿದ ಮನೆಯೇ ಕ್ರೈಸ್ತ ದೈವಶಾಸ್ತ್ರದ್ದಾದ್ದರಿಂದ ಆ ಕಡೆ ಅದು ಸಮುದ್ರ. ಜೈನಧರ್ಮಕ್ಕೆ ಬಂದಾಗ ಕೊಳ. ಕೊಳವಾದರೂ ನೀರು ತಿಳಿಯಾಗಿದೆ, ವಿಷಯಶೀರ್ಷಿಕೆಗಳು ಅಚ್ಚುಕಟ್ಟು. ಚಂದಾ ಇಲ್ಲದವರು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಉಚಿತವಾಗಿ ಕೊಡುವ ಇಂಡೆಕ್ಸ್ ಥಿಯೋಲಾಜಿಕಸ್ ನೋಡಬಹುದು. ನಮ್ಮ ಅನೇಕ ಅಧ್ಯಾಪಕರಿಗೆ ಇದರ ಹೆಸರೇ ಗೊತ್ತಿಲ್ಲ ಎಂಬುದು ನನಗೆ ಪ್ರತಿ ವರ್ಷವೂ ಆಶ್ಚರ್ಯ.

ಆಕೆಗೆ ನಿಜವಾಗಿ ಒದಗಿಬಂದದ್ದು ಜೆಸ್ಟೋರ್. ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ನಡಾವಳಿಗಳು, ಪುಣೆಯ ಭಂಡಾರಕರ್ ಸಂಸ್ಥೆಯ ವಾರ್ಷಿಕ ಸಂಪುಟಗಳು ಅಲ್ಲಿವೆ. ಒಂದೊಂದು ಊರಿನ ಒಂದೆರಡು ನಿಸಿಧಿ ಕಲ್ಲುಗಳ ಮೇಲೆ ಬರೆದ ಮೂರು ನಾಲ್ಕು ಪುಟಗಳ ಚಿಕ್ಕ ಲೇಖನಗಳಿಗೆ ಅವೇ ಗೂಡು. ಸಂಸ್ಥೆಯ ಚಂದಾ ಇಲ್ಲದಿದ್ದರೂ ಸ್ವಂತ ಉಚಿತ ಖಾತೆಯಲ್ಲಿ ತಿಂಗಳಿಗೆ 100 ಲೇಖನಗಳನ್ನು ಪರದೆಯ ಮೇಲೆ ಓದಬಹುದು.

ವೈದ್ಯಕೀಯ ನೀತಿಗೆ ಪಬ್‌ಮೆಡ್. ಎರಡನೆಯ ದಿನ ಆಕೆ ಕಸವೆಂದು ತೆಗೆದುಹಾಕಿದ್ದ ಲೇಖನಗಳಲ್ಲಿ ಕೆಲವು ಇಲ್ಲಿಂದ ಮರಳಿ ಬಂದು ಪ್ರಸ್ತಾವನೆಯ ಮೂರನೆಯ ಭಾಗದಲ್ಲಿ ಕುಳಿತವು. ತೀರ್ಪುಗಳಿಗೆ ಇಂಡಿಯನ್ ಕಾನೂನ್ ಜಾಲತಾಣ. ಪತ್ರಿಕಾವರದಿಯನ್ನು ನಂಬಿ ‘ನ್ಯಾಯಾಲಯ ಹೀಗೆಂದಿತು’ ಎಂದು ಬರೆಯುವ ಚಾಳಿಯನ್ನು ಅಲ್ಲಿಯೇ ಬಿಡಿಸಿದೆ. ಮೂಲ ತೀರ್ಪನ್ನು ಓದಿದ ಮೇಲೆ ಆಕೆಯ ಎರಡು ವಾಕ್ಯಗಳು ತಿದ್ದುಪಡಿಯಾದವು.

ಕೃತಕ ಬುದ್ಧಿಮತ್ತೆಯ ಒಂದು ಸಾಧನದಿಂದಲೂ ಆಕೆ ಒಂದು ಪಟ್ಟಿ ತಂದಿದ್ದಳು. ನೋಡಲು ಬಹಳ ಅಂದ: ಲೇಖಕ, ಪತ್ರಿಕೆ, ಸಂಪುಟ, ಪುಟಸಂಖ್ಯೆ. ಒಂದು ಲೇಖನ ನನಗೇ ಓದಬೇಕೆನಿಸುವಷ್ಟು ಚೆನ್ನಾಗಿತ್ತು. ಆ ಪತ್ರಿಕೆಯ ಆ ಸಂಪುಟವನ್ನು ತೆರೆದು ಆ ಪುಟಕ್ಕೆ ಹೋದರೆ ಅಲ್ಲಿರುವುದು ಬೇರೆಯವರ ಬೇರೆ ವಿಷಯ. ಪಟ್ಟಿಯಲ್ಲಿದ್ದ ಪದಗಳನ್ನು ಮಾತ್ರ ಉಳಿಸಿಕೊಂಡು, ಲೇಖನಗಳನ್ನು ಹೊಡೆದುಹಾಕಿದೆವು.

ಕನ್ನಡದ ಬಾಗಿಲು

ಇನ್ನು ನಮ್ಮದೇ ಮನೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಕನ್ನಡದ ಪಿಎಚ್.ಡಿ. ಪ್ರಬಂಧಗಳು ಹೇರಳವಾಗಿವೆ. ಯುಜಿಸಿಯ 2009ರ ನಿಯಮದ ಕೃಪೆ. ಹುಡುಕುವುದು ಮಾತ್ರ ಬೇರೆಯೇ ವಿದ್ಯೆ. ಒಂದೇ ಬಗೆಯ ಪ್ರಬಂಧದ ಶೀರ್ಷಿಕೆ ಒಂದು ಕಡೆ ಕನ್ನಡ ಲಿಪಿಯಲ್ಲಿರುತ್ತದೆ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮತ್ತೊಂದು ಕಡೆ ಇಂಗ್ಲಿಷ್ ಅನುವಾದ. ಟೈಪಿಸಿದವರ ಕೈಗೆ ಬಂದದ್ದೇ ಕಾಗುಣಿತ. ಕನ್ನಡ ಲಿಪಿಯಲ್ಲೂ ಸಲ್ಲೇಖನ, ಸಲ್ಲೇಖನಾ, ಸಲ್ಲೇಖನೆ. ಬೆಳಗೊಳ, ಬೆಳ್ಗೊಳ, ಬೆಳುಗುಳ. ನಾಲ್ಕು ಸಲ ಹುಡುಕುವುದೆಂದರೆ ನಾಲ್ಕು ಸಲ ಹುಡುಕುವುದೇ, ಅಡ್ಡದಾರಿಯಿಲ್ಲ.

ಒಳಪಠ್ಯದಲ್ಲಿ ಹುಡುಕುವ ಆಸೆಯನ್ನಂತೂ ಬಿಡಬೇಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಅಚ್ಚಾದ ಪ್ರಬಂಧ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೋಜಲು. ಒಂದು ಪುಟದಿಂದ ‘ನಿಸಿಧಿ’ ಎಂಬ ಪದವನ್ನು ನಕಲು ಮಾಡಿ ಬೇರೆಡೆ ಅಂಟಿಸಿ ತೋರಿಸಿದೆ. ಅಲ್ಲಿ ಬಿದ್ದದ್ದು ಇಂಗ್ಲಿಷ್ ಅಕ್ಷರ, ವಿರಾಮಚಿಹ್ನೆ, ಯಾವುದೋ ಯುರೋಪಿಯನ್ ಭಾಷೆಯ ಕೊಂಬು. “ಹಾಗಾದರೆ ಈ ಪ್ರಬಂಧದೊಳಗೆ ಏನಿದೆ ಎಂದು ಯಾವ ಹುಡುಕಾಟಕ್ಕೂ ಗೊತ್ತಾಗುವುದೇ ಇಲ್ಲವೇ?” ಎಂದಳು. ಇಲ್ಲ. ಎರಡು ದಶಕಗಳ ಕನ್ನಡ ವಿದ್ವತ್ತು ಹೀಗೆ ಗಾಜಿನ ಪೆಟ್ಟಿಗೆಯೊಳಗೆ ಕುಳಿತಿದೆ. ವಿಶ್ವವಿದ್ಯಾಲಯ ಮತ್ತು ವಿಭಾಗ ಆರಿಸಿ, ಇತಿಹಾಸ, ಕನ್ನಡ, ಜೈನಶಾಸ್ತ್ರ ವಿಭಾಗಗಳ ಶೀರ್ಷಿಕೆಗಳ ಮೇಲೆ ಸಾಲಾಗಿ ಕಣ್ಣಾಡಿಸುವುದೇ ದಾರಿ. ಆಕೆ ಎರಡು ಸಂಜೆ ಅದನ್ನೇ ಮಾಡಿ, ತನ್ನ ವಿಷಯಕ್ಕೆ ತಾಗುವ ಪ್ರಬಂಧಗಳನ್ನು ಹೆಕ್ಕಿದಳು. “ಮೊದಲ ಅಧ್ಯಯನ” ಎಂಬ ವಾಕ್ಯ ಅಂದೇ ಪ್ರಸ್ತಾವನೆಯಿಂದ ಹೊರಟುಹೋಯಿತು.

54 ಮತ್ತು 67

ಮೂಲ ಶಾಸನಗಳಿಗೆ ಬಂದಾಗ ಇನ್ನೊಂದು ಗುಂಡಿ. ಶ್ರವಣಬೆಳಗೊಳದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅಲ್ಲಿದ್ದದ್ದು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. 1973ರ ಆವೃತ್ತಿಯಲ್ಲಿ 573. ಸಂಖ್ಯೆ ಬೆಳೆದಂತೆ ಕ್ರಮಾಂಕವೂ ಬದಲಾಯಿತು. ಮಲ್ಲಿಷೇಣ ಮಲಧಾರಿದೇವ 1129ರಲ್ಲಿ ಸಲ್ಲೇಖನದಿಂದ ತೀರಿಕೊಂಡದ್ದನ್ನು ಹೇಳುವ ಪ್ರಸಿದ್ಧ ಪ್ರಶಸ್ತಿಶಾಸನ ರೈಸ್ ಸಂಪುಟದಲ್ಲಿ 54, ನರಸಿಂಹಾಚಾರ್ಯರಲ್ಲಿ 67.

ಆಕೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇವೆರಡನ್ನೂ ಬೇರೆ ಬೇರೆ ಶಾಸನಗಳೆಂದು ಬರೆದಿಟ್ಟುಕೊಂಡಿದ್ದಳು, ಎರಡು ಬೇರೆ ಲೇಖನಗಳಿಂದ ಎತ್ತಿಕೊಂಡು. ತಪ್ಪು ಆಕೆಯದಲ್ಲ, ಯಾವ ಆವೃತ್ತಿ ಎಂದು ಹೇಳದೆ ಸಂಖ್ಯೆ ಮಾತ್ರ ಕೊಡುವ ಅಭ್ಯಾಸ ನಮ್ಮಲ್ಲಿ ಹಳೆಯದು. ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವಿನಲ್ಲಿ ಸಿಗುತ್ತವೆ. ನರಸಿಂಹಾಚಾರ್ಯರು ಹೊಸ ಸಂಖ್ಯೆಯ ಪಕ್ಕದಲ್ಲಿ ಆವರಣದೊಳಗೆ ಹಳೆಯದನ್ನೂ ಕೊಟ್ಟಿದ್ದಾರೆ. ನೂರು ವರ್ಷಗಳ ಹಿಂದಿನ ಆ ಎಚ್ಚರಿಕೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅಂದಿನಿಂದ ಆಕೆ ಪ್ರತಿ ಶಾಸನಕ್ಕೂ ಒಂದು ಸಾಲು, ಮೂರು ಆವೃತ್ತಿಗಳ ಮೂರು ಸಂಖ್ಯೆ, ಹೀಗೆ ಕೋಷ್ಟಕ ಮಾಡಿದಳು. ಹುಡುಕಾಟದ ದಿನಚರಿಗೂ ಅಂಥದೇ ಕೋಷ್ಟಕ: ದಿನಾಂಕ, ದತ್ತಸಂಚಯ, ಹಾಕಿದ ಗೆರೆ ಇದ್ದ ಹಾಗೆಯೇ, ಯಾವ ಕ್ಷೇತ್ರ, ಏಕೆ ಕೈಬಿಟ್ಟೆ. ಸಾಂತರ ಅರಸರ ಕಥೆಯೂ ಅಲ್ಲಿ ದಾಖಲಾಯಿತು.

ಪ್ರಸ್ತಾವನೆ ಸಲ್ಲಿಸುವ ಹಿಂದಿನ ದಿನ ಆಕೆ ಮತ್ತೆ ಬಂದಳು. ವಿಷಯ ಸ್ವಲ್ಪ ಕಿರಿದಾಗಿತ್ತು: ಶಾಸನಗಳು ಈ ಮರಣವನ್ನು ಯಾವ ಯಾವ ಪದಗಳಿಂದ ಹೇಳುತ್ತವೆ, ನ್ಯಾಯಾಲಯ ಮತ್ತು ವೈದ್ಯರ ಪದಗಳೊಂದಿಗೆ ಅವು ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ. ಮೊದಲ ದಿನದ ಬಿಳಿ ಹಾಳೆ ಆಕೆಯ ಫೈಲಿನಲ್ಲಿ ಮಡಚಿಕೊಂಡು ಕುಳಿತಿತ್ತು, ಅಂಚಿನ ಪ್ರಶ್ನಾರ್ಥಕ ಸಹಿತ. ಅದನ್ನು ಬಿಡಿಸಿ ಮೇಜಿನ ಮೇಲಿಟ್ಟು, ಮಾಚಿಕಬ್ಬೆಯ ಶಾಸನ ತೆರೆದಳು. ಮಗಳು ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಬೆಳಗೊಳಕ್ಕೆ ಬಂದದ್ದು, ಅರೆಮುಚ್ಚಿದ ಕಣ್ಣು, ಪಂಚಪದ ಹೇಳುವ ತುಟಿ, ನೆಂಟರಿಷ್ಟರಿಂದ ಬೀಳ್ಕೊಂಡದ್ದು, ಒಂದು ತಿಂಗಳ ಉಪವಾಸ. ಪದ್ಯವನ್ನು ಎರಡು ಸಲ ಓದಿದೆವು. ಸನ್ಯಸವಿದೆ, ಉಪವಾಸವಿದೆ, ಸಮಾಧಿಯಿದೆ. ಸಲ್ಲೇಖನವಿಲ್ಲ.

“ಸುರಗತಿಗೆ ಹೋದಳು ಎನ್ನುತ್ತದೆ” ಎಂದು ಆಕೆ ಪೆನ್ನು ತೆಗೆದು, ಹಾಳೆಯಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ ಆ ಪದವನ್ನೂ ಸೇರಿಸಿದಳು.